ಕೈಗೆ ವಾಚ್ ಕಟ್ಟಿ, ಕಿವಿ ಮೈಗೆ ಕೊಡಿ

ಹುಟ್ಟುಹಬ್ಬಕ್ಕೆ ಸೀರೆ, ಮದುವೆಯ ವಾರ್ಷಿಕೋತ್ಸವಕ್ಕೆ ಓಲೆ ಎನ್ನುತ್ತಿದ್ದ ಮನೆಗಳಿಗೆ ಈಗ ಹೊಸ ಉಡುಗೊರೆ ಬಂದಿದೆ. ಅದೇ ಸ್ಮಾರ್ಟ್‌ವಾಚ್. ‘ಅಮ್ಮಾ, ಇದು ನಿನ್ನ ಹೆಜ್ಜೆ ಎಣಿಸುತ್ತೆ, ಎದೆಬಡಿತ ನೋಡುತ್ತೆ, ನಿದ್ದೆ ಎಷ್ಟಾಯ್ತು ಅಂತ ಹೇಳುತ್ತೆ. ಇನ್ನಾದ್ರೂ ನಿನ್ನ ಆರೋಗ್ಯ ನೋಡ್ಕೋ’ ಎಂದು ಮಗನೋ ಮಗಳೋ ಪ್ರೀತಿಯಿಂದ ಕೈಗೆ ಕಟ್ಟಿಬಿಡುತ್ತಾರೆ.

ಆಮೇಲೆ ಆಗುವುದು ಎರಡರಲ್ಲಿ ಒಂದು. ಕೆಲವರು ಮೊದಲ ವಾರ ಅಕ್ಕಪಕ್ಕದವರಿಗೆಲ್ಲ ತೋರಿಸಿ ಸಂಭ್ರಮಪಡುತ್ತಾರೆ. ಮೂರನೇ ವಾರ ಚಾರ್ಜ್ ಮಾಡೋದು ಮರೆತುಹೋಗುತ್ತೆ. ಎರಡನೇ ತಿಂಗಳಿಗೆ ಆ ವಾಚು ಹಳೆಯ ಚಾರ್ಜರ್, ಮುಗಿದ ಬಾಲ್‌ಪೆನ್ನುಗಳ ಜತೆ ಡ್ರಾಯರ್ ಸೇರಿರುತ್ತದೆ. ಇನ್ನು ಕೆಲವರು ಅದಕ್ಕೆ ಎಷ್ಟು ಅಂಟಿಕೊಳ್ಳುತ್ತಾರೆಂದರೆ, ರಾತ್ರಿ ಹತ್ತೂವರೆಗೆ ಅಡುಗೆಮನೆ ಒರೆಸಿದ ಮೇಲೂ ‘ಇನ್ನು 600 ಹೆಜ್ಜೆ ಬಾಕಿ’ ಎಂದು ಹಾಲ್‌ನಿಂದ ರೂಮಿಗೆ, ರೂಮಿನಿಂದ ಹಾಲ್‌ಗೆ ತಿರುಗುತ್ತಾರೆ!

ಒಂದೂವರೆ, ಎರಡು ಸಾವಿರ ರೂಪಾಯಿಯಿಂದ ಹಿಡಿದು ಎಂಬತ್ತು, ತೊಂಬತ್ತು ಸಾವಿರದವರೆಗೂ ಬೆಲೆಯಿರುವ ವಸ್ತು ಇದು. ಸುಮ್ಮನೆ ಡ್ರಾಯರ್ ಸೇರಿದರೂ ನಷ್ಟ, ತಲೆಯ ಮೇಲೆ ಕೂತರೂ ಕಷ್ಟ. ಹಾಗಾದರೆ ನಮಗೆ ಇದರಿಂದ ನಿಜವಾಗಿ ಬೇಕಾಗಿರೋದೇನು? ಇದು ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು? ಸ್ವಲ್ಪ ಕೂತು ಯೋಚಿಸೋಣ.

ನಮ್ಮ ಕೈಗೆ ಹೊಂದಬೇಕಲ್ಲ!

ಎಚ್‌ಎಂಟಿ ಕಾಲದ ವಾಚುಗಳು ನೆನಪಿವೆಯೇ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ನಮ್ಮ ಅಮ್ಮಂದಿರ ಪಾಲಿಗೆ ವಾಚು ಎಂದರೆ ಪುಟ್ಟ ಡಯಲ್, ಸಣ್ಣ ಚೈನು, ಬೆಳಿಗ್ಗೆ ಎದ್ದು ಕೀ ಕೊಟ್ಟರೆ ಇಡೀ ದಿನದ ಚಿಂತೆ ಇಲ್ಲ. ಆಸ್ಪತ್ರೆಗೋ ಮದುವೆಮನೆಗೋ ಹೊರಟಾಗ ಕಟ್ಟುವುದು, ಬಂದ ಮೇಲೆ ಬಿಚ್ಚಿಡುವುದು. ಸ್ಮಾರ್ಟ್‌ವಾಚ್ ಹಾಗಲ್ಲ. ಅದು ಹಗಲೂ ರಾತ್ರಿ ಮೈಗೆ ಅಂಟಿಕೊಂಡೇ ಇರಬೇಕು. ಆದ್ದರಿಂದ ಅದು ಎಷ್ಟು ಜಾಣ ಎನ್ನುವುದಕ್ಕಿಂತ, ನಮ್ಮ ದಿನಚರಿಗೆ ಎಷ್ಟು ಒಗ್ಗುತ್ತದೆ ಎನ್ನುವುದೇ ಮೊದಲ ಪ್ರಶ್ನೆ.

ಅಂಗಡಿಯವನು ನೂರು ಬಗೆಯ ವ್ಯಾಯಾಮದ ಪಟ್ಟಿ ಓದಿ ಹೇಳುತ್ತಾನೆ. ಹೆಂಗಸರನ್ನು ಕೇಳಿ ನೋಡಿ, ಬೇಡಿಕೆ ತೀರಾ ಸರಳ. ಬ್ಯಾಟರಿ ನಾಲ್ಕು ದಿನ ಬರಬೇಕು. ಕನ್ನಡಕ ಹಾಕದೆ ಅಂಕಿ ಕಾಣಬೇಕು. ಮಣಿಕಟ್ಟಿಗೆ ಭಾರವಾಗಬಾರದು. ಬಳೆಗೆ ತಾಗಿ ಗೀರಬಾರದು. ಹಿಟ್ಟು ಕಲಸುವಾಗ, ಪಾತ್ರೆ ತೊಳೆಯುವಾಗ ಬಿಚ್ಚಿ ಕಟ್ಟಿ ಮಾಡುವ ಗೋಜು ಇರಬಾರದು. ಮಗಳು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲಿ ಕಳಿಸಿದ ಸಂದೇಶ ಕನ್ನಡದಲ್ಲೇ ಕಾಣಬೇಕು. ಇದೇನು ದೊಡ್ಡ ಆಸೆಯೇ? ಆದರೂ ಕಡಿಮೆ ಬೆಲೆಯ ಕೆಲವು ವಾಚುಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕದ ಡಬ್ಬಗಳು ಬರುತ್ತವೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಕನ್ನಡ ಸಂದೇಶ ಕಳಿಸಿ ನೋಡಿ.

ಹೆಣ್ಣುಮಕ್ಕಳ ಅಗತ್ಯ ತಯಾರಕರ ತಲೆಗೆ ಹೊಳೆಯಲು ತಡವಾಗುವುದು ಹೊಸದೇನಲ್ಲ. ಆಪಲ್ ಕಂಪನಿ 2014ರಲ್ಲಿ ತನ್ನ ಫೋನಿನಲ್ಲಿ ಆರೋಗ್ಯದ ಲೆಕ್ಕ ಇಡುವ ವ್ಯವಸ್ಥೆ ತಂದಾಗ ಅದರಲ್ಲಿ ಏನೇನೋ ಇತ್ತು, ಮುಟ್ಟಿನ ದಿನಾಂಕ ಬರೆದಿಡಲು ಮಾತ್ರ ಜಾಗವಿರಲಿಲ್ಲ! ಟೀಕೆ ಬಂದ ಮೇಲೆ 2015ರಲ್ಲಿ ಸೇರಿಸಿದರು. ಫಿಟ್‌ಬಿಟ್ ಈ ಸೌಲಭ್ಯ ಕೊಟ್ಟಿದ್ದು 2018ರಲ್ಲಿ. ಹೀಗಾಗಿ ‘ನನಗೆ ಇದು ಬೇಕು’ ಎಂದು ಬಾಯಿ ಬಿಟ್ಟು ಕೇಳುವುದರಲ್ಲಿ ಸಂಕೋಚ ಬೇಡ. ಕೇಳದೆ ಯಾರೂ ಕೊಡುವುದಿಲ್ಲ.

ಹತ್ತು ಸಾವಿರ ಯಾರ ಲೆಕ್ಕ?

ವಾಚು ಕಟ್ಟಿದ ಮರುಕ್ಷಣವೇ ಎದುರಾಗುವ ಅಂಕಿ 10,000. ದಿನಕ್ಕೆ ಇಷ್ಟು ಹೆಜ್ಜೆ ಹಾಕದಿದ್ದರೆ ಆರೋಗ್ಯವೇ ಇಲ್ಲವೇನೋ ಎಂಬಂತೆ ನಾವು ನಂಬಿಬಿಟ್ಟಿದ್ದೇವೆ. ಈ ಅಂಕಿ ಬಂದದ್ದು ಯಾವ ವೈದ್ಯರ ಚೀಟಿಯಿಂದಲೂ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, ಅಂದರೆ 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ‘ಮಾನ್ಪೊ ಕೇ’. ಹಾಗೆಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. ವ್ಯಾಪಾರಕ್ಕೆ ಇಟ್ಟ ಹೆಸರೇ ಮುಂದೆ ಲೋಕದ ನಿಯಮವಾಯಿತು!

2019ರಲ್ಲಿ ಅಮೆರಿಕದ ಹಾರ್ವರ್ಡ್‌ನ ಸಂಶೋಧಕರು ಸರಾಸರಿ 72 ವರ್ಷ ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರ ನಡಿಗೆಯ ಅಧ್ಯಯನ ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗೆ ಹೋಲಿಸಿದರೆ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚುತ್ತಾ ಹೋಗಿ, 7,500ರ ಹೊತ್ತಿಗೆ ಒಂದು ಮಟ್ಟಕ್ಕೆ ನಿಂತಿತ್ತು. ನೋಡಿ, ನಮ್ಮ ಅತ್ತೆಯೋ ಅಮ್ಮನೋ ಹತ್ತು ಸಾವಿರ ಮುಟ್ಟಲಿಲ್ಲವೆಂದು ಕೊರಗಬೇಕಿಲ್ಲ. ನಿನ್ನೆಗಿಂತ ಐನೂರು ಹೆಚ್ಚಾದರೆ ಅದೇ ಗೆಲುವು.

ಕ್ಯಾಲೊರಿ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಮಣಿಕಟ್ಟಿಗೆ ಕಟ್ಟುವ 7 ಸಾಧನಗಳನ್ನು ಪರೀಕ್ಷಿಸಿತು. ಎದೆಬಡಿತವನ್ನು ಆರು ಸಾಧನಗಳು ಹೆಚ್ಚುಕಮ್ಮಿ ಸರಿಯಾಗಿಯೇ ಹೇಳಿದವು. ಆದರೆ ಕರಗಿದ ಕ್ಯಾಲೊರಿ ಲೆಕ್ಕದಲ್ಲಿ, ಇದ್ದುದರಲ್ಲಿ ಉತ್ತಮವಾದದ್ದೇ ಸರಾಸರಿ ಶೇ 27ರಷ್ಟು ತಪ್ಪಿತ್ತು. ತೀರಾ ಕೆಟ್ಟದ್ದು ಶೇ 93ರಷ್ಟು! ‘ಇವತ್ತು 400 ಕ್ಯಾಲೊರಿ ಕರಗಿದೆಯಲ್ಲ’ ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವ ಮುನ್ನ ಇದನ್ನು ನೆನಪಿಡಿ. ಹೋಳಿಗೆ ಬೇಕೆನಿಸಿದರೆ ಧಾರಾಳವಾಗಿ ತಿನ್ನಿ, ವಾಚಿನ ಅಪ್ಪಣೆ ಕೇಳಬೇಡಿ ಅಷ್ಟೆ.

ಮನೆಗೆಲಸ ಲೆಕ್ಕಕ್ಕಿಲ್ಲವೇ?

ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ, ತಿಂಡಿ, ನಾಲ್ಕು ಡಬ್ಬಿ, ಕಸ, ಬಟ್ಟೆ, ಮತ್ತೆ ಅಡುಗೆ... ಮಧ್ಯಾಹ್ನ ಸೊಂಟ ಹಿಡಿದುಕೊಂಡಿರುತ್ತೆ. ವಾಚು ನೋಡಿದರೆ ‘ನೀವು ಬಹಳ ಹೊತ್ತಿನಿಂದ ಕುಳಿತಿದ್ದೀರಿ, ಎದ್ದು ಓಡಾಡಿ’ ಎನ್ನುತ್ತೆ! ಮೈಯೆಲ್ಲ ಉರಿಯುವುದಿಲ್ಲವೇ?

ಇದರ ಗುಟ್ಟು ಇಷ್ಟೆ. ಮಣಿಕಟ್ಟಿನ ವಾಚು ಎಣಿಸುವುದು ಪಾದವನ್ನಲ್ಲ, ಕೈಯ ಬೀಸನ್ನು. ಸ್ಟೌ ಮುಂದೆ ನಿಂತು ಒಂದು ಗಂಟೆ ದೋಸೆ ಹುಯ್ದರೆ ಅದರ ಲೆಕ್ಕಕ್ಕೆ ಬರುವುದು ಕಡಿಮೆ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು, ಇಲ್ಲವೇ ಸೂಪರ್ ಮಾರ್ಕೆಟ್‌ನಲ್ಲಿ ಟ್ರಾಲಿ ತಳ್ಳುತ್ತಾ ನಡೆದರೆ ಎಷ್ಟೋ ಹೆಜ್ಜೆ ಬಿಟ್ಟುಹೋಗುತ್ತವೆ. ಅದೇ ಕೂತಲ್ಲೇ ಚಪಾತಿ ಲಟ್ಟಿಸಿದರೆ ಕೆಲವು ಹೆಜ್ಜೆ ಪುಕ್ಕಟೆಯಾಗಿ ಸೇರಿಕೊಳ್ಳಬಹುದು. ಬಲಗೈಯವರು ಎಡಗೈಗೆ ಕಟ್ಟಿಕೊಂಡರೆ ಈ ಗೊಂದಲ ಕೊಂಚ ಕಡಿಮೆಯಾಗುತ್ತದೆ.

ಕೇಂದ್ರ ಸರ್ಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ! ಹೀಗಿರುವಾಗ ವಾಚು ‘ಗುರಿ ತಲುಪಿಲ್ಲ’ ಎಂದರೆ ಅದರರ್ಥ ನೀವು ಸೋಮಾರಿ ಎಂದಲ್ಲ. ನಿಮ್ಮ ಕೆಲಸವನ್ನು ಅಳೆಯಲು ಅದಕ್ಕೆ ಬರುವುದಿಲ್ಲ ಎಂದಷ್ಟೇ. ಮನೆಯವರು ಆ ಅಂಕಿ ತೋರಿಸಿ ಅಣಕಿಸಿದರೆ, ಒಂದು ಭಾನುವಾರ ವಾಚನ್ನೂ ಮನೆಗೆಲಸವನ್ನೂ ಒಟ್ಟಿಗೆ ಅವರ ಕೈಗೆ ಕಟ್ಟಿಬಿಡಿ. ಏನಂತೀರಿ?

ಹಾಗೆಂದು ‘ಮನೆಗೆಲಸವೇ ವ್ಯಾಯಾಮ, ವಾಕಿಂಗ್ ಯಾಕೆ’ ಎನ್ನುವುದೂ ಪೂರ್ತಿ ಸರಿಯಲ್ಲ. ಮನೆಗೆಲಸ ಮೈಯನ್ನು ದಣಿಸುತ್ತದೆ ನಿಜ. ಹೃದಯಕ್ಕೆ ಬೇಕಾದದ್ದು ಸ್ವಲ್ಪ ಏದುಸಿರು ಬರುವಂಥ ಚುರುಕು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಚಟುವಟಿಕೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಚುರುಕಾಗಿ ನಡೆದರೆ ಸಾಕು. ಇದಕ್ಕೆ ವಾಚೂ ಬೇಕಿಲ್ಲ, ಗೋಡೆ ಗಡಿಯಾರ ಸಾಕು! ನಿಜವಾಗಿ ಬೇಕಾಗಿರುವುದು ‘ಈ ಅರ್ಧ ಗಂಟೆ ನನ್ನದು’ ಎಂದು ಮನೆಯವರಿಗೆ ಹೇಳುವ ಧೈರ್ಯ.

98 ಬಂತು, ಆದರೂ ಸುಸ್ತು

ಈಗ ಮುಖ್ಯ ವಿಷಯಕ್ಕೆ ಬರೋಣ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೂ ಬಂತು. ರಕ್ತದಲ್ಲಿ ಆಮ್ಲಜನಕ 95ಕ್ಕಿಂತ ಮೇಲಿದ್ದರೆ ನೆಮ್ಮದಿ ಎಂಬುದನ್ನು ನಾವೆಲ್ಲ ಕಲಿತೆವು. ಈಗ ಅದೇ ಅಂಕಿ ವಾಚಿನಲ್ಲೂ ಬರುತ್ತದೆ. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಹೇಳಿಕೊಂಡರೆ, ‘ವಾಚಲ್ಲಿ 98 ಇದೆಯಲ್ಲ, ನಿನಗೇನಾಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಷ್ಟೋ ಸಲ ಆ ಉತ್ತರವನ್ನು ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ.

ಇಲ್ಲೇ ಮೋಸ ಹೋಗುವುದು. ಆ 98 ಹೇಳುವುದು, ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದನ್ನು. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ಬಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ, ಓಡುತ್ತಿರುವ ಬಸ್ಸುಗಳೆಲ್ಲ ತುಂಬಿವೆ, ಆದರೆ ಬಸ್ಸುಗಳೇ ಕಡಿಮೆ! ರಕ್ತಹೀನತೆ ಇರುವವರಿಗೂ ವಾಚಿನಲ್ಲಿ 98, 99 ಬರಬಹುದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅಂದರೆ ಇಬ್ಬರಲ್ಲಿ ಒಬ್ಬರಿಗಿಂತ ಹೆಚ್ಚು. ಇಷ್ಟು ಸಾಮಾನ್ಯವಾದ ತೊಂದರೆಯನ್ನು ವಾಚಿನ ಆ ಅಂಕಿ ಹಿಡಿಯುವುದಿಲ್ಲ. ಹಿಡಿಯುವುದು ಒಂದು ಸಣ್ಣ ರಕ್ತಪರೀಕ್ಷೆ. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ವೈದ್ಯರ ಸಲಹೆ ಬೇಕೇ ಬೇಕು. ಹಬ್ಬಕ್ಕೆ ಸೀರೆ ಕೊಳ್ಳುವಂತೆ ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನೂ ರೂಢಿ ಮಾಡಿಕೊಳ್ಳಿ.

ಹೃದಯದ ವಿಚಾರವೂ ಹಾಗೆಯೇ. ಆಪಲ್ ವಾಚಿಗೆ 2018ರಲ್ಲಿ ಇಸಿಜಿ ಸೌಲಭ್ಯ ಬಂತು, ಆಮೇಲೆ ಬೇರೆ ಕಂಪನಿಗಳೂ ತಂದವು. ಹೃದಯದ ಲಯ ತಪ್ಪಿದ್ದನ್ನು ಅದು ಗುರುತಿಸಬಲ್ಲದು, ಅದು ನಿಜವಾಗಿಯೂ ಉಪಕಾರ. ಆದರೆ ಹೃದಯಾಘಾತವನ್ನು ಪತ್ತೆ ಮಾಡಲಾರದು ಎಂದು ಆಪಲ್ ಕಂಪನಿಯೇ ಸ್ಪಷ್ಟವಾಗಿ ಹೇಳಿದೆ. ಆಸ್ಪತ್ರೆಯಲ್ಲಿ ಎದೆ, ಕೈ, ಕಾಲು ಸೇರಿ ಹತ್ತು ಕಡೆ ಎಲೆಕ್ಟ್ರೋಡ್ ಅಂಟಿಸಿ ನೋಡುವುದನ್ನು ಮಣಿಕಟ್ಟಿನ ಒಂದು ವಾಚು ನೋಡಲಾರದು.

ಹೆಂಗಸರಲ್ಲಿ ಹೃದಯಾಘಾತ ಯಾವಾಗಲೂ ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಬೀಳುವ ರೀತಿಯಲ್ಲೇ ಬರುವುದಿಲ್ಲ. ಎದೆನೋವಿನ ಜತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರು ಕಟ್ಟುವುದು, ಬೆನ್ನು, ದವಡೆ, ತೋಳಿನ ನೋವು, ವಾಕರಿಕೆ, ತಣ್ಣನೆಯ ಬೆವರು, ಹಿಂದೆಂದೂ ಇಲ್ಲದ ಸುಸ್ತು ಕಾಣಿಸಬಹುದು. ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ನೀರು ಕುಡಿದು ಮಲಗುವವರೇ ಹೆಚ್ಚಲ್ಲವೇ? ಇಂಥ ಹೊತ್ತಿನಲ್ಲಿ ವಾಚು ‘ಎಲ್ಲ ಸರಿಯಿದೆ’ ಎಂದರೂ ನಂಬಿ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಸುಮ್ಮನೆ ಗಾಬರಿಯಾದೆವೆಂದು ನಾಚಿಕೆಪಟ್ಟರೆ ಪಡೋಣ, ಜೀವ ಇದ್ದರೆ ತಾನೇ ನಾಚಿಕೆ!

ಸೂಜಿ ಇಲ್ಲದೆ ಶುಗರ್?

‘ಸೂಜಿ ಚುಚ್ಚದೆ ಶುಗರ್ ತೋರಿಸುವ ವಾಚು’ ಎಂಬ ಜಾಹೀರಾತು ನೋಡಿರುತ್ತೀರಿ. ಚರ್ಮ ಚುಚ್ಚದೆ ತಾವೇ ರಕ್ತದ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಇಂಥ ಯಾವ ಸಾಧನಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದೂ ಆಗ ಹೇಳಿತು. ತಪ್ಪು ಅಂಕಿ ನಂಬಿ ಇನ್ಸುಲಿನ್ ಅಥವಾ ಮಾತ್ರೆ ಹೆಚ್ಚುಕಡಿಮೆ ಮಾಡಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಶುಗರ್ ಇರುವವರು ಇದ್ದರೆ ದಯವಿಟ್ಟು ಈ ಮಾತನ್ನು ಅವರಿಗೂ ದಾಟಿಸಿ. ತೋಳಿಗೆ ಅಂಟಿಸುವ, ಸಣ್ಣ ತಂತಿ ಚರ್ಮದೊಳಗೆ ಹೋಗುವ ಸೆನ್ಸರ್ ಬೇರೆ. ಅದನ್ನು ವೈದ್ಯರು ಹೇಳಿದಂತೆ ಬಳಸಬಹುದು.

ಬಿ.ಪಿ. ಕತೆಯೂ ಇದೇ. ಸ್ಯಾಮ್‌ಸಂಗ್ ವಾಚಿನಲ್ಲಿ ಬಿ.ಪಿ. ನೋಡಬೇಕಾದರೆ ತೋಳಿಗೆ ಪಟ್ಟಿ ಸುತ್ತಿ ನೋಡುವ ಮಾಮೂಲಿ ಯಂತ್ರದ ಜತೆ ನಾಲ್ಕು ವಾರಕ್ಕೊಮ್ಮೆ ಹೊಂದಿಸಿಕೊಳ್ಳಬೇಕು. ಅಂದ ಮೇಲೆ ಆ ಯಂತ್ರ ಮನೆಯಲ್ಲಿ ಇರಲೇಬೇಕಾಯಿತು! ಬಿ.ಪಿ. ಇರುವವರಿಗೆ ಮೊದಲು ಕೊಳ್ಳಬೇಕಾದದ್ದು ಅದನ್ನೇ.

ನಿದ್ದೆಗೂ ಮಾರ್ಕ್ಸೇ?

ಬೆಳಿಗ್ಗೆ ಎದ್ದಾಗ ಹಾಯಾಗಿತ್ತು. ವಾಚು ನೋಡಿದರೆ ನಿದ್ದೆಗೆ 100ಕ್ಕೆ 58 ಅಂಕ. ಅಲ್ಲಿಂದಲೇ ತಲೆನೋವು ಶುರು! ನಿದ್ದೆಯ ಅಂಕಿಯ ಚಿಂತೆಯಲ್ಲೇ ನಿದ್ದೆಗೆಡುವ ಈ ಗೀಳಿಗೆ ಅಮೆರಿಕದ ತಜ್ಞರು 2017ರಲ್ಲಿ ‘ಆರ್ಥೊಸೋಮ್ನಿಯಾ’ ಎಂಬ ಹೆಸರನ್ನೇ ಇಟ್ಟಿದ್ದಾರೆ. ವಾಚು ನಿದ್ದೆಯನ್ನು ಊಹಿಸುವುದು ಮೈಯ ಅಲುಗಾಟ, ಎದೆಬಡಿತದಿಂದ. ಅಲುಗಾಡದೆ ಮಲಗಿ ಸೂರು ನೋಡುತ್ತಿದ್ದರೂ ನಿದ್ದೆ ಎಂದು ಬರೆದುಕೊಳ್ಳಬಹುದು. ಒಂದು ರಾತ್ರಿಯ ಅಂಕ ಬಿಡಿ, ಎರಡು ಮೂರು ವಾರದ ಚಿತ್ರ ನೋಡಿ. ತಿಂಗಳುಗಟ್ಟಲೆ ಐದು ಗಂಟೆ ದಾಟುತ್ತಿಲ್ಲವೆಂದರೆ ಆ ಪಟ್ಟಿಯನ್ನು ಮನೆಯವರ ಮುಂದಿಟ್ಟು ಮಾತಾಡಿ. ಕೊನೆಗೆ ಮಲಗಿ ಮೊದಲು ಏಳುವವರು ನೀವೊಬ್ಬರೇ ಏಕೆ? ವಾಚಿನಿಂದ ಆಗುವ ನಿಜವಾದ ಉಪಯೋಗ ಬಹುಶಃ ಇದೇ. ಬಾಯಲ್ಲಿ ಹೇಳಿದರೆ ಯಾರೂ ಕೇಳದ ಮಾತಿಗೆ ಅದು ಒಂದು ಸಾಕ್ಷಿ.

ಹಾಗೆಯೇ ವಿಶ್ರಾಂತಿಯಲ್ಲಿರುವಾಗಿನ ಎದೆಬಡಿತ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರೊಳಗೆ ಇರುತ್ತದೆ. ನಿಮ್ಮದು ಎಂದಿನ ಮಟ್ಟ ಬಿಟ್ಟು ಕಾರಣವಿಲ್ಲದೆ ವಾರಗಟ್ಟಲೆ ಏರಿದ್ದರೆ ರಕ್ತಹೀನತೆ, ಥೈರಾಯ್ಡ್ ಇತ್ಯಾದಿ ಇದೆಯೇ ಎಂದು ವೈದ್ಯರಲ್ಲಿ ಕೇಳಿ. ಮುಟ್ಟಿನ ದಿನಾಂಕ, ರಕ್ತಸ್ರಾವದ ಪ್ರಮಾಣ ಬರೆದಿಟ್ಟರೆ ನಲವತ್ತು ದಾಟಿದವರಿಗೆ ವೈದ್ಯರ ಮುಂದೆ ‘ಸರಿಯಾಗಿ ನೆನಪಿಲ್ಲ ಡಾಕ್ಟ್ರೇ’ ಎನ್ನುವುದು ತಪ್ಪುತ್ತದೆ. ಈ ವಿವರ ನಿಮ್ಮ ಖಾಸಗಿ ಆಸ್ತಿ ಎಂಬುದು ನೆನಪಿರಲಿ. ಮಗನ ಫೋನಿಗೆ ವಾಚು ಜೋಡಿಸಿದರೆ ಎಲ್ಲವೂ ಅಲ್ಲಿ ಕಾಣುತ್ತದೆ. ನಿಮ್ಮ ಫೋನಿಗೇ ಜೋಡಿಸಿಕೊಳ್ಳಿ.

ಕೊಳ್ಳುವ ಮುನ್ನ, ಕಟ್ಟಿದ ಮೇಲೆ

* ‘ನನಗೆ ಇದು ಬೇಕಾಗಿರುವುದು ಯಾತಕ್ಕೆ?’ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ವಾಕಿಂಗ್‌ಗೆ ಮಾತ್ರ ಎಂದಾದರೆ ಸಾದಾ ಬ್ಯಾಂಡ್ ಸಾಕು.
* ಒಂಟಿಯಾಗಿರುವ ಹಿರಿಯರಿಗಾದರೆ, ಬಿದ್ದಾಗ ತಾನಾಗಿ ಕರೆ ಮಾಡುವ ಸೌಲಭ್ಯವಿರುವುದನ್ನು ನೋಡಿ. ಹೆಜ್ಜೆಯ ಲೆಕ್ಕಕ್ಕಿಂತ ಅವರಿಗೆ ಅದು ಮುಖ್ಯ.
* ಹಿಂಬದಿಯ ಹಸಿರು ಬೆಳಕು ಚರ್ಮಕ್ಕೆ ತಾಗಿರಬೇಕು. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ, ಬಳೆ ಇದ್ದರೆ ಬಳೆಗಿಂತ ಮೇಲೆ. ಸಡಿಲವಾದರೆ ಅಂಕಿ ತಪ್ಪುತ್ತದೆ, ಬಿಗಿಯಾದರೆ ಕೈ ಕೆಡುತ್ತದೆ.
* ಸೋಪಿನ ನೀರು, ಬೆವರು ಪಟ್ಟಿಯ ಕೆಳಗೆ ನಿಂತರೆ ಕಡಿತ, ಗಂದೆ ಏಳುತ್ತದೆ. ದಿನಕ್ಕೊಮ್ಮೆ ಬಿಚ್ಚಿ ಒರೆಸಿ, ಕೈಗೂ ಗಾಳಿಯಾಡಲಿ.
* ಸ್ನಾನ ಮಾಡುವಾಗ, ಮಧ್ಯಾಹ್ನದ ಊಟದ ಹೊತ್ತಿಗೆ ಚಾರ್ಜಿಗೆ ಹಾಕುವ ರೂಢಿ ಮಾಡಿಕೊಂಡರೆ ರಾತ್ರಿ ಬಿಚ್ಚಬೇಕಿಲ್ಲ.
* ಗುರಿಯನ್ನು 10,000ದಿಂದ ಇಳಿಸಿ, ನಿಮಗೆ ಒಗ್ಗುವಷ್ಟಕ್ಕೆ ಇಡಿ. ಬೇಡದ ಗುಂಯ್‌ಗುಟ್ಟುವಿಕೆಯನ್ನೆಲ್ಲ ನಿಲ್ಲಿಸಿ. ಕರೆ ಮತ್ತು ಹೃದಯದ ಎಚ್ಚರಿಕೆ ಎರಡಿದ್ದರೆ ಸಾಕು.
* ಹೃದಯದ ಲಯ ತಪ್ಪಿದೆ ಎಂದು ವಾಚು ಮತ್ತೆ ಮತ್ತೆ ಎಚ್ಚರಿಸಿದರೆ ವೈದ್ಯರಿಗೆ ತೋರಿಸಿ. ಮೈಗೆ ಹುಷಾರಿಲ್ಲ, ವಾಚು ಮಾತ್ರ ಸುಮ್ಮನಿದೆ ಎಂದರೂ ವೈದ್ಯರಿಗೆ ತೋರಿಸಿ.

ಕೊನೆಯ ಈ ಸಾಲನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡರೂ ತಪ್ಪಿಲ್ಲ. ಮನೆಯವರೆಲ್ಲರ ಜ್ವರ, ನೆಗಡಿ ಅವರು ಹೇಳುವ ಮೊದಲೇ ಮುಖ ನೋಡಿ ಗುರುತಿಸುವವರು ನೀವು. ಮಗುವಿನ ಹಣೆ ಮುಟ್ಟಿ ‘ಮೈ ಬಿಸಿ ಇದೆ’ ಎನ್ನಲು ನಿಮಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ಅದೇ ಗಮನವನ್ನು ದಿನಕ್ಕೆ ಐದು ನಿಮಿಷ ನಿಮ್ಮ ಕಡೆಗೂ ತಿರುಗಿಸಿ. ಅದಕ್ಕೆ ವಾಚು ಒತ್ತಾಸೆಯಾಗಿ ನಿಂತರೆ ಇರಲಿ, ಕಟ್ಟಿಕೊಳ್ಳಿ. ನಿಮ್ಮ ಮೈಯ ಮಾತಿಗೆ ಅಡ್ಡ ಬಂದರೆ ಬಿಚ್ಚಿಡಿ!